ತಿರುಗಿ ಬಂದ ಮಣಿಗಳು

ಸತ್ತವರ ಮನೆಯ ಮಾತನ್ನು ಹೊರಗಿನವರು ಎತ್ತಿ ಆಡಬಾರದು. ಆದರೂ ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ಕತ್ತು ಬೋಳಾಗಿದೆಯಲ್ಲೇ," ಎಂದಳು ಇಸ್ತ್ರಿ ಅಂಗಡಿಯಾಕೆ, ಹೆಣದ ಹೊದಿಕೆಯನ್ನು ಭುಜದವರೆಗೆ ಎಳೆಯುತ್ತ. "ಊರಿಗೆಲ್ಲ ಮಣಿಸರ ಪೋಣಿಸಿದವಳು. ಒಂದು ಹಾಕಿ ಕಳಿಸೋಣ, ತಗೊಂಡ್ ಬಾ."

"ಎಲ್ಲಿಂದ ತರ್ಲಿ?" ಗೋಡೆಗೊರಗಿ ಕುಳಿತಿದ್ದ ಮಗಳು ಮೂಗು ಒರೆಸಿಕೊಂಡಳು. "ಮನೇಲಿ ಒಂದೂ ಉಳಿಯೋದೇ ಇಲ್ಲ. ಚಿಕ್ಕಮ್ಮ ತಗೊಂಡು ಹೋಗಿದ್ದೆಲ್ಲ ಖಾಲಿ ಆಗ್ಬಿಡೋದು." ಅಳುವಿನ ನಡುವೆಯೂ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಮಂಚದ ಕಾಲ ಬಳಿ ನಿಂತಿದ್ದ ಸತ್ತವಳ ತಂಗಿ ತನ್ನ ಚೀಲವನ್ನು ಹಿಮ್ಮಡಿಯಿಂದ ಮಂಚದ ಕೆಳಕ್ಕೆ ತಳ್ಳಿದಳು. ಅಕ್ಕ ಕೊನೆಯ ವಾರ ಪೋಣಿಸಿದ ಸರಗಳೆಲ್ಲ ಅದರಲ್ಲೇ ಇದ್ದವು.

"ಖಾಲಿ ಆಗದೆ ಏನು! ನಿನ್ನ ಚಿಕ್ಕಮ್ಮ ಬಾಯಿ ಬಿಟ್ರೆ ಕಲ್ಲೂ ಮಾರಾಟ ಆಗತ್ತೆ," ಎಂದಳು ಇಸ್ತ್ರಿ ಅಂಗಡಿಯಾಕೆ.

"ಅದಕ್ಕೇ ತೀರ್ಮಾನ ಮಾಡ್ಬಿಟ್ಟೆ ಚಿಕ್ಕಮ್ಮ. ಬಿಸ್ಕತ್ತು ಫ್ಯಾಕ್ಟರಿ ಬಿಡ್ತೀನಿ. ಮೇಸ್ತ್ರಿ ಹೊರಗೇ ನಿಂತಿದ್ದಾರೆ, ಈಗ್ಲೇ ಹೇಳ್ತೀನಿ. ಆಮೇಲೆ ಕಾಲಿಗೆ ಬಿದ್ರೂ ವಾಪಸ್ ತಗೊಳ್ಳಲ್ಲ, ಹೋಗ್ಲಿ ಬಿಡಿ. ನಾನು ಪೋಣಿಸ್ತೀನಿ, ನೀವು ಮಾರಿ."

ತಂಗಿ ಚೀಲವನ್ನು ಇನ್ನೂ ಒಳಕ್ಕೆ ತಳ್ಳಿದಳು.

*

ಕಾಲುಗಳ ಬಲ ಹೋದ ಮೇಲೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಕೈಗಾದರೂ ಕೆಲಸವಿರಲಿ ಎಂದು ಮಣಿಯ ಡಬ್ಬಿ ತಂದುಕೊಟ್ಟವಳು ತಂಗಿಯೇ. ಹೊಲಿಗೆ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜ ಹೊಲಿದು ಮುಗಿಸಿ, ಸಂಜೆ ಸರಗಳನ್ನು ಹಿಡಿದು ಅಲೆದವಳೂ ಅವಳೇ. ಬ್ಯೂಟಿ ಪಾರ್ಲರಿನ ಕನ್ನಡಿಗೆ ನೇತುಹಾಕಿದ್ದು ಧೂಳು ಸಮೇತ ಹಿಂತಿರುಗಿತು. ಆಸ್ಪತ್ರೆಯ ಗೇಟಿನಲ್ಲಿ ಜನ ಕಿತ್ತಳೆ ಕೊಂಡರು, ಸರದತ್ತ ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಒಬ್ಬಳು ಕತ್ತಿಗೆ ಹಾಕಿಕೊಂಡು ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತ ಕುಳಿತಳು. ತನ್ನ ಸ್ಟಾಪು ಬಂದಾಗ ತೆಗೆದು ಕೊಟ್ಟಳು. "ಚೆನ್ನಾಗಿದೆ. ಆದ್ರೆ ಬೇಡ."

ಅಂದು ಬಾಗಿಲು ತೆರೆಯುತ್ತಲೇ ಅಕ್ಕ ಕೇಳಿದಳು, "ಹೋಯ್ತೇನೇ?"

"ಹೋಯ್ತು. ಎಲ್ಲಾ."

ಅಕ್ಕ ತನ್ನನ್ನು ಎತ್ತಿ ಕೂರಿಸಲು ಹೇಳಿದಳು. ತಿಂಗಳುಗಳಾದ ಮೇಲೆ ಕುಳಿತು ಊಟ ಮಾಡಿದಳು.

ಆ ಸುಳ್ಳಿಗೆ ಆಮೇಲೆ ದಿನವೂ ಅನ್ನ ಹಾಕಬೇಕಾಯಿತು. ಮಾರಾಟದ ಹಣವೆಂದು ಕಾಜದ ಕೂಲಿ ಕೊಟ್ಟಳು. ಹೊಸ ಮಣಿಗೆ ಹಣ ಉಳಿಯಲಿಲ್ಲ. ಅಕ್ಕನ ಗಂಟು ಎಂದರೆ ಗಂಟು, ಮೂರು ಸುತ್ತು ಸುತ್ತಿ ಮೇಲೆ ಅಂಟು ಹಚ್ಚುತ್ತಿದ್ದಳು. ಹೊಲಿಗೆ ಯಂತ್ರದ ಮರೆಯಲ್ಲಿ ಕುಳಿತು ತಂಗಿ ಅವನ್ನು ಕತ್ತರಿಯಿಂದ ಕುಯ್ದು, ಬಣ್ಣಗಳನ್ನು ಕಲಸಿ, ಹೊಸ ಪೊಟ್ಟಣ ಕಟ್ಟಿ ಅಕ್ಕನ ಮಡಿಲಿಗೇ ಸುರಿಯುತ್ತಿದ್ದಳು.

ಒಮ್ಮೆ ಅಕ್ಕ ಅಂಚು ಮುಕ್ಕಾದ ನೀಲಿ ಮಣಿಯೊಂದನ್ನು ಬೆಳಕಿಗೆ ಹಿಡಿದಳು. "ಇವನದು ಎಲ್ಲೋ ನೋಡಿದ ಮುಖ ಇದ್ದ ಹಾಗಿದೆ."

"ಮಣಿಗೂ ಮುಖವೇನಕ್ಕ!"

ಇಬ್ಬರೂ ನಕ್ಕರು. ನಗುತ್ತಲೇ ಅಕ್ಕ ಅವಳ ಹೆಬ್ಬೆರಳನ್ನು ಹಿಡಿದು ನೋಡಿದಳು. "ಏನಿದು ಗಾಯ?"

"ಕಾಜ ಕತ್ತರಿಸುವಾಗ ತಗುಲ್ತು."

ಅಕ್ಕ ಬೆರಳನ್ನು ತುಸು ಹೊತ್ತು ಹಿಡಿದುಕೊಂಡೇ ಇದ್ದಳು.

*

ಮಗಳು ಎದ್ದು ಬಾಗಿಲತ್ತ ಹೊರಟಳು. ತಂಗಿ ಅವಳ ಮಣಿಕಟ್ಟು ಹಿಡಿದಳು.

"ಹೋಗ್ಬೇಡ ಪುಟ್ಟಿ."

"ಯಾಕೆ?"

ತಂಗಿ ಚೀಲವನ್ನು ಎಳೆದು ಅಕ್ಕನ ಕಾಲ ಬಳಿ ಬೋರಲು ಹಾಕಿದಳು. ಸರಗಳು ಒಂದಕ್ಕೊಂದು ತೊಡರಿಕೊಂಡೇ ಬಿದ್ದವು.

"ಆರ್ಡರ್‌ದಾ ಚಿಕ್ಕಮ್ಮ?"

"ಯಾವ ಆರ್ಡರೂ ಇಲ್ಲ ಕಣೇ. ಒಂದೂ ಹೋಗ್ಲಿಲ್ಲ, ಯಾವತ್ತೂ. ಬಿಚ್ಚಿ ಬಿಚ್ಚಿ ಅವಳಿಗೇ ತಂದು ಕೊಟ್ಟೆ."

"ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ," ಎಂದು ಇಸ್ತ್ರಿ ಅಂಗಡಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು.

ಮಗಳು ಕೂಗಾಡಬಹುದು ಎಂದು ತಂಗಿ ಕಾದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ತಾಯಿಯ ಮುಖವನ್ನೇ ನೋಡುತ್ತ ಕೇಳಿದಳು, "ಅಮ್ಮನಿಗೆ ಗೊತ್ತಿತ್ತಾ?"

ತಂಗಿ ತನ್ನ ಹೆಬ್ಬೆರಳ ಕಲೆಯನ್ನು ನೋಡಿಕೊಂಡಳು.

ಹೊರಗಿನಿಂದ ಮೇಸ್ತ್ರಿ ಇಣುಕಿದರು. "ವ್ಯಾನು ಬಂತಮ್ಮ. ನಾಳಿದ್ದು ಕೆಲಸಕ್ಕೆ ಬರ್ತೀಯಲ್ವಾ? ಇಲ್ಲ ಬೇರೆಯವರಿಗೆ ಹೇಳ್ಲಾ?"

"ಬರ್ತೀನಿ ಸಾರ್," ಎಂದಳು ಮಗಳು. ಅವಳ ದನಿ ಯಾರದೋ ದನಿಯಂತಿತ್ತು.

ಆಮೇಲೆ ತೊಡರು ಬಿಡಿಸಿ ಒಂದು ಸರ ಆಯ್ದುಕೊಂಡು ತಾಯಿಯ ತಲೆಯನ್ನು ಮೆಲ್ಲಗೆ ಎತ್ತಿದಳು. "ಹಾಕಿ ಚಿಕ್ಕಮ್ಮ."

ತಂಗಿ ಸರವನ್ನು ಕತ್ತಿಗೆ ಇಳಿಸಿ ದಾರದ ತುದಿಯನ್ನು ಸರಿಮಾಡಲು ಹೋದಳು. ಗಂಟು ಬಿಚ್ಚಿಕೊಂಡಿತು. ಮಣಿಗಳು ಅಕ್ಕನ ಕೊರಳ ಕುಳಿಯಲ್ಲಿ ತುಂಬಿ ಹೊದಿಕೆಯ ಮಡಿಕೆಗಳಿಗೆ ಹರಿದವು. ಇನ್ನೊಂದನ್ನು ಎತ್ತಿಕೊಂಡಳು. ಅದೂ ಹಾಗೆಯೇ. ಮೂರು ಸುತ್ತಿಲ್ಲ, ಅಂಟಿಲ್ಲ. ಬೂಟಿನ ಲಾಡಿಯಂತೆ ಬರಿಯ ಒಂದು ಕುಣಿಕೆ, ಜಗ್ಗಿದರೆ ಸಾಕು. ಆ ವಾರದ ಸರಗಳೆಲ್ಲ ಹಾಗೆಯೇ ಇದ್ದವು.

"ಬೆರಳಲ್ಲಿ ಶಕ್ತಿ ಇರ್ಲಿಲ್ಲ ಪಾಪ," ಎಂದಳು ಇಸ್ತ್ರಿ ಅಂಗಡಿಯಾಕೆ.

ಇರಲಿಲ್ಲವೇನೋ. ಅಥವಾ ಬಿಚ್ಚಲು ತಂಗಿಗೆ ಕತ್ತರಿಯೇ ಬೇಡವೆಂದು ಹಾಗೆ ಕಟ್ಟಿದ್ದಳೋ. ತಂಗಿಗೆ ತಿಳಿಯಲಿಲ್ಲ, ನನಗೂ ತಿಳಿಯದು.

ಹೆಣ ಎತ್ತಿದಾಗ ಮಣಿಗಳು ಹೊಸ್ತಿಲವರೆಗೂ ಉದುರುತ್ತ ಹೋದವು. ಎಲ್ಲರೂ ವ್ಯಾನಿನತ್ತ ನಡೆದರು. ತಂಗಿ ಮಾತ್ರ ಅಭ್ಯಾಸಬಲದಿಂದ ನೆಲಕ್ಕೆ ಬಗ್ಗಿ ಅವನ್ನು ಆಯತೊಡಗಿದಳು.