ಒಂದ್ಸಲ ಬಯ್ದುಬುಡಿ ಬುದ್ದಿ

"ಗ್ರಾಣದಲ್ಲಿ ಹೆತ್ತ ಮುಂಡೆ, ಬಾಗ್ಲಿಗ್ ಬಂದ್ ನಿಂತವ್ಳೆ ನೋಡು. ಅವತ್ತೇ ಆ ಗ್ರಾಣದ್ ನನ್ಮಗನ್ ಕತ್ತ್ ಇಸುಕಿದ್ರೆ ನನ್ ತಮ್ಮ ಉಳೀತಿದ್ದ."

ಪಟೇಲ ಬಸವರಾಜು ಜಗುಲಿಯಿಂದಲೇ ಉಗಿದ. ಅಂಗಳದಾಚೆ ನಿಂತಿದ್ದ ನಮ್ಮ ದೊಡ್ಡವ್ವ ದ್ಯಾವೀರಿ ಕದಲದೆ ಕೈಮುಗಿದಳು.

"ಇದ್ನೇ ಬುದ್ದಿ. ನಾಳೆ ಆಸನದ್ ಕೋರ್ಟಲ್ಲೂ ಇಂಗೇ ಒಂದ್ಸಲ ಬಯ್ದುಬುಡಿ. ಇನ್ನೇನೂ ಬ್ಯಾಡ."

ಪಟೇಲ ಬಾಯಿ ಮುಚ್ಚಿದ. ನನಗೆ ಬುದ್ಧಿ ಬಂದಮೇಲೆ ಅದು ಮೊದಲ ಸಲ.

ದೊಡ್ಡವ್ವನ ಮಗ ಬೈರಯ್ಯ ಹುಟ್ಟಿದ್ದು ಎಂಬತ್ತರ ಸೂರ್ಯಗ್ರಹಣದ ದಿನ, ಇದೇ ಪಟೇಲನ ಕೊಟ್ಟಿಗೆಯಲ್ಲಿ. ಊರೆಲ್ಲ ಬಾಗಿಲು ಹಾಕಿಕೊಂಡು ಒಳಗಿತ್ತು. ಹೆರುವವಳಿಗೆ ಇನ್ನೂ ಸಗಣಿ ಬಾಚುವುದಿತ್ತು. ಗ್ರಹಣ ನಮ್ಮೂರ ಬಾಯಲ್ಲಿ ಗ್ರಾಣ; ಅವತ್ತಿನಿಂದ ಅವನ ಹೆಸರೂ ಅದೇ. ಬೈರಯ್ಯ ಎಂದಿದ್ದದ್ದು ಶಾಲೆಯ ದಾಖಲೆಯಲ್ಲಿ ಮಾತ್ರ. ಮಕ್ಕಳು ಸಾಲದೆ ಶಾಲೆ ಮುಚ್ಚುವ ಹಾಗಾದಾಗ ಮೇಷ್ಟ್ರು ನಾಲ್ಕರ ಪೋರನಿಗೆ ಆರು ತುಂಬಿಸಿ ಹಾಜರಿ ತುಂಬಿಸಿದ್ದರು.

ಹೋದ ವರ್ಷ, ತೊಂಬತ್ತೈದರಲ್ಲಿ, ಪಟೇಲನ ತಮ್ಮ ತೆಂಗಿನ ತೋಟದಲ್ಲಿ ಗ್ರಾಣನ ಬುತ್ತಿಗೆ ಉಚ್ಚೆ ಹೊಯ್ದ. ಗ್ರಾಣ ಗುದ್ದಲಿ ಎತ್ತಿದ. ಒಂದೇಟಾಗಿದ್ದರೆ ಸಿಟ್ಟು ಅನ್ನಬಹುದಿತ್ತು. ಎರಡನೆಯದು ಬಿದ್ದು ಅವನು ಸತ್ತ; ಅದನ್ನು ನಮ್ಮ ಕೇರಿಯವರೂ ಸಿಟ್ಟು ಅನ್ನಲಿಲ್ಲ.

ಸರ್ಕಾರ ಕೊಟ್ಟ ವಕೀಲ ಆತ್ರೇಯ ವಾರದ ಹಿಂದೆಯೇ ಬಿಡಿಸಿ ಹೇಳಿದ್ದರು. "ಶಾಲೆ ದಾಖಲೇಲಿ ಹದಿನೇಳು ಅಂತಿದೆ. ಕೊಲೆ ದಿನ ಹದಿನಾರು ತುಂಬಿರಲಿಲ್ಲ ಅಂತ ಆದ್ರೆ ಬಾಲಮಂದಿರ. ಇಲ್ಲಾಂದ್ರೆ ಜೀವಾವಧಿ. ಪೆರೋಲ್ ಕೇಳಿದ್ರೂ ಪೊಲೀಸ್ನೋರು ಊರೋರನ್ನ ಕೇಳ್ತಾರೆ, ಪಟೇಲ ಬಿಡಲ್ಲ."

"ಮಂದ್ರವಾ? ನಮ್ಮೋರ್ನ ಒಳಕ್ ಬುಡ್ತಾರಾ ಸಾ?"

ವಕೀಲರು ನಗಲಿಲ್ಲ.

"ಆ ಜೀವಾವದಿ ಅಂದ್ರೆ ಎಷ್ಟ್ ದಿನ?"

"ಜೀವ ಇರೋವರೆಗೂ ಕಣಮ್ಮ."

"ಯಾರ್ ಜೀವ? ಅವಂದಾ, ನಂದಾ?"

ವಕೀಲರು ಕಾಗದ ಮಡಚಿದರು. "ಗ್ರಹಣದ ತಾರೀಕು ಪಂಚಾಂಗದಲ್ಲಿದೆ. ಹುಡುಗ ಅವತ್ತು ಹುಟ್ಟಿದ ಅಂತ ಪಟೇಲ ಒಂದು ಮಾತು ಅಂದ್ರೆ ಸಾಕು."

ಪಟೇಲನ ಬಾಗಿಲಿಗೆ ಹೋಗಿ ಬಂದ ಮರುದಿನ ಹಾಸನದ ಕೋರ್ಟಿನಲ್ಲಿ ವಯಸ್ಸಿನ ವಿಚಾರಣೆ. ಪಟೇಲ ಇಸ್ತ್ರಿ ಅಂಗಿ ತೊಟ್ಟು ಕಟಕಟೆ ಹತ್ತಿದ.

"ಈ ಹುಡುಗನನ್ನ ಏನಂತ ಕರೀತೀರಿ?" ವಕೀಲರು ಕೇಳಿದರು.

"ಬೈರಯ್ಯ ಅಂತ, ಸ್ವಾಮಿ."

"ಊರಲ್ಲಿ ಬೇರೆ ಹೆಸರಿಲ್ವಾ?"

"ಛೆ ಛೆ. ಬಡವರ್ಗೆ ಅಡ್ಡೆಸ್ರು ಇಡೋ ವಂಶ ಅಲ್ಲ ನಮ್ದು."

"ಗ್ರಹಣದ ದಿನ ನಿಮ್ಮ ಕೊಟ್ಟಿಗೇಲಿ ಹುಟ್ಟಿದ್ದು ಇವನೇ ತಾನೆ?"

"ಗ್ಯಾಪ್ಕ ಇಲ್ಲ. ಬೈರಯ್ಯನೋರು ದೊಡ್ಡೋರೇ ಸ್ವಾಮಿ, ಅದಿನೆಂಟಾದ್ರೂ ಆಗಿರ್ಬೇಕು."

ನಮ್ಮ ಕುಲದಲ್ಲಿ ಒಬ್ಬನಿಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಅದಕ್ಕೆ ಅವನ ಇಡೀ ಆಯಸ್ಸು ಕೇಳುತ್ತಿದ್ದರು.

ಆಮೇಲೆ ದೊಡ್ಡವ್ವನನ್ನು ಕರೆದರು. "ಗ್ರಹಣದ ದಿನವೇ ಹುಟ್ಟಿದ ಅನ್ನೋಕೆ ಏನಾದ್ರೂ ದಾಖಲೆ ಇದೆಯೇನಮ್ಮ?" ನ್ಯಾಯಾಧೀಶರು ಕೇಳಿದರು.

"ಐತೆ ಸಾ."

ಅವಳು ಸೊಂಟದ ಮೇಲೆ ಕೈಯಿಟ್ಟಳು. ಗಲ್ಲ ಮೇಲೆತ್ತಿದಳು. ಅವಳ ಗಂಟಲಿನಿಂದ ಪಟೇಲನ ದನಿ, ಕಫದ ಸಮೇತ, ಹೊರಬಿತ್ತು.

"ಲೇ ಗ್ರಾಣ, ಸೂರ್ಯನ್ ನುಂಗ್ಕೊಂಡ್ ಉಟ್ದೋನೆ, ಕೊಟ್ಟಿಗೆ ಬಾಚ್ದೇನ್ಲಾ ಸೂಳೆಮಗ್ನೆ."

ಆರೋಪಿಗಳ ಜಾಗದಲ್ಲಿ ತೂಕಡಿಸುತ್ತಿದ್ದ ಬೈರಯ್ಯ ಧಡಕ್ಕನೆ ಎದ್ದ. "ಬಂದೆ ಬುದ್ದಿ," ಎಂದು ಲುಂಗಿ ಎತ್ತಿ ಕಟ್ಟಿದ.

ಹಿಂದಿನ ಬೆಂಚಿನಲ್ಲಿ ನಮ್ಮೂರಿನವರು ನಕ್ಕರು. ಪಟೇಲನ ಕಡೆಯವರೂ ನಕ್ಕು, ಬಾಯಿಗೆ ಟವಲು ಒತ್ತಿಕೊಂಡರು. ಪಟೇಲ ಮಾತ್ರ ನೆಲ ನೋಡಿದ.

ಟೈಪಿಸ್ಟನ ಕೈ ನಿಂತಿತ್ತು. "ಇದನ್ನೂ ಟೈಪ್ ಹೊಡೀಲಾ ಸರ್?"

"ಬೇಡ. ಅಸಭ್ಯ ಮಾತು," ಎಂದರು ನ್ಯಾಯಾಧೀಶರು. "ಇಳಿಯಮ್ಮ ನೀನು."

"ಬರ್ಕೊಳ್ಳೋಗಂಟ ಇಳಿಯಕಿಲ್ಲ ಸಾ."

ಇಬ್ಬರು ಪೇದೆಗಳು ಬಂದರು. ದೊಡ್ಡವ್ವ ಕಟಕಟೆಯ ಮರವನ್ನು ಹಿಡಿದಿದ್ದಳು. ಅವರು ಒಂದೊಂದೇ ಬೆರಳು ಬಿಡಿಸತೊಡಗಿದರು. ಐದನೆಯದು ಬಿಡುವಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿದಿರುತ್ತಿತ್ತು.