ಬರೆದ ಮಗ್ಗುಲು

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನೀರು ಪರೀಕ್ಷಿಸುವ ಪ್ರಯೋಗಾಲಯದ ಒಳಕೋಣೆಯಲ್ಲಿ ನಾಲ್ಕು ಜನ ಕೂತು, ನಲವತ್ತು ಡಿಗ್ರಿಗೆ ಬೆಚ್ಚಗೆ ಮಾಡಿದ ನೀರನ್ನು ಶೀಷೆಯಿಂದ ಶೀಷೆಗೆ ಮೂಸುತ್ತಿದ್ದರು. ಶೀಷೆಗಳ ಮೇಲೆ ಬರಿಯ ಅಂಕಿ. ಯಾವ ನೀರು ಯಾವ ತೊಟ್ಟಿಯದು ಎಂದು ಮೂಸುವವರಿಗೆ ಗೊತ್ತಿರಬಾರದು. ಗೊತ್ತಾದರೆ ಮೂಗು ಮುಲಾಜು ನೋಡುತ್ತದೆ.

ಏಳನೇ ಶೀಷೆಯ ಮುಚ್ಚಳ ಸರಿಸಿ ಉದ್ದನೆಯ ಸಹಾಯಕ ಮೂಸಿದ. ಬಡಕಲು, ನೆಟ್ಟಗೆ, ಮಾತು ತೊಟ್ಟಿಕ್ಕುವಂತೆ ಆಡುವವನು. ಹನಿಹನಿಯಾಗಿ ಅಳೆದು ಬಿಡುವ ಉದ್ದ ಗಾಜಿನ ಕೊಳವೆಯ ಹೆಸರನ್ನೇ ಎಲ್ಲರೂ ಅವನಿಗೆ ಇಟ್ಟಿದ್ದರು: ಬ್ಯೂರೆಟ್.

"ಎಂಜಲಲ್ಲಿ ಒರೆಸಿದ ಸ್ಲೇಟು," ಅಂದ.

ಎದುರಿಗೆ ಕೂತು ಬರೆದುಕೊಳ್ಳುತ್ತಿದ್ದವಳ ಪೆನ್ಸಿಲ್ ಗಕ್ಕನೆ ನಿಂತಿತು.

ಅವಳನ್ನು ಅಲ್ಲಿ ಮೂಗಕ್ಕ ಎಂದು ಕರೆಯುತ್ತಿದ್ದರು. ನಾಲ್ವರಲ್ಲಿ ಅವಳ ಮೂಗೇ ಚುರುಕು ಎಂಬುದು ಒಂದು ಕಾರಣ. ದಿನಕ್ಕೆ ಹತ್ತು ಮಾತು ಮೀರದ ಮೂಗಿ ಎಂಬುದು ಇನ್ನೊಂದು. ಆ ಸ್ಲೇಟಿನ ಮಾತು ಅವಳದು. ನಲ್ಲಿ ನೀರಿನ ಬಗ್ಗೆ ನವೆಂಬರಿನಲ್ಲಿ ಬರೆದಿದ್ದ ಎರಡು ಪುಟದ ಬರಹದಲ್ಲಿ ಅದಿತ್ತು. ಆ ಬರಹವನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ತಂಗಿ ಅವಳ ಹೆಸರಲ್ಲಿ ಒಂದು ಬ್ಲಾಗ್ ತೆರೆದುಕೊಟ್ಟು ನಾಲ್ಕು ತಿಂಗಳಾಗಿತ್ತು. ಹನ್ನೊಂದು ಬರಹ ಸಿದ್ಧವಾಗಿದ್ದವು. 'ಪ್ರಕಟಿಸು' ಎಂಬ ಗುಂಡಿಯ ಮೇಲೆ ಬೆರಳಿಟ್ಟು ಹನ್ನೊಂದು ಸಲವೂ ತೆಗೆದಿದ್ದಳು. ಇಪ್ಪತ್ತು ವರ್ಷ 'ಮಿತಿಯೊಳಗಿದೆ', 'ಮಿತಿ ಮೀರಿದೆ' ಎಂದು ಬರೆದ ಕೈ. ನೀರು ಮೂಸುವವಳ ಹರಟೆ ಯಾರಿಗೆ ಬೇಕು? ಓದಿದವರು ಎದುರಿಗೆ ಚೆನ್ನಾಗಿದೆ ಅಂದು, ಹಿಂದೆ ಇವಳಿಗ್ಯಾಕೆ ಬೇಕಿತ್ತು ಅಂದರೆ?

"ಎಲ್ಲಿ ಸಿಕ್ತು ಆ ಮಾತು?" ಎಂದು ಕೇಳಿದಳು.

"ಎಲ್ಲೋ ಓದ್ದೆ. ನೆನಪಿಲ್ಲ." ಹೇಳುವಾಗ ಅವನ ಕಣ್ಣು, ಬಾಗಿಲಲ್ಲಿ ಶೀಷೆಯ ತಟ್ಟೆ ಹಿಡಿದು ನಿಂತಿದ್ದ ಗಾಜು ತೊಳೆಯುವ ಅಮ್ಮನ ಕಡೆ ಹಾಯ್ದು ಬಂತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಅಷ್ಟು ಸಾಕಾಯಿತು. ಯಾರೋ ಕದ್ದು ಓದಿದ್ದಾರೆ, ಓದಿ ಊರಿಗೆಲ್ಲ ಹಂಚಿದ್ದಾರೆ, ಹಂಚಿ ನಗುತ್ತಿದ್ದಾರೆ.

ಸಂಜೆ ಮನೆಯಲ್ಲಿ ಗಂಡ ಎಂದಿನಂತೆ ಕನ್ನಡಕದ ಗಾಜು ಉಜ್ಜುತ್ತ ಕೂತಿದ್ದ. ಅದೇ ಅವನ ಕಸುಬು.

"ಕಂಪ್ಯೂಟರಲ್ಲಿ ನಾನು ಬರ್ದಿಟ್ಟಿದ್ದು ನೋಡಿದ್ರಾ?"

"ಏನ್ ಬರ್ದಿದೀಯ? ನನ್ನ ಮೇಲಾ?"

"ನಿಮ್ಮ ಮೇಲೆ ಬರಿಯೋಕೆ ಏನಿದೆ?"

"ಮತ್ತೆ ನಾನ್ಯಾಕೆ ಓದ್ಲಿ?"

ಉತ್ತರ ಸರಿಯಾಗಿಯೇ ಇತ್ತು. ಆದರೆ ತುಸು ಬೇಗ ಬಂದಿತ್ತು. ತಂಗಿಗೆ ಫೋನ್ ಮಾಡಿದಳು.

"ಪಾಸ್‌ವರ್ಡ್ ನಂಗೆ ಗೊತ್ತು ಕಣೇ, ಇಟ್ಟೋಳೇ ನಾನು," ಎಂದಳು ತಂಗಿ. "ಆದ್ರೆ ನೀನು ಮುಚ್ಚಿಟ್ಟಿದ್ದನ್ನ ತೆಗೆದು ನೋಡೋಕೆ ನಾನೇನು ಪೊಲೀಸಾ? ಪ್ರಕಟಿಸು ಮಾರಾಯ್ತಿ, ಎಲ್ಲರ ಥರ ಓದ್ತೀನಿ."

ಇದೂ ಸರಿಯಾಗಿಯೇ ಇತ್ತು. ಇಬ್ಬರ ಮಾತೂ ಸರಿಯಿದ್ದರೆ ಇಬ್ಬರನ್ನೂ ಅಳೆದು ನೋಡಬೇಕು. ಅವಳು ಹೊಸ ಕೊಳವೆಯ ನೀರಿನ ಬಗ್ಗೆ ಒಂದು ಬರಹ ಬರೆದು, ಅದನ್ನು ಮೂರು ಪ್ರತಿ ಮಾಡಿದಳು. ಮನೆಯ ಕಂಪ್ಯೂಟರಿನ ಪ್ರತಿಯಲ್ಲಿ ಆ ನೀರಿಗೆ ಮಡಚಿಟ್ಟ ಛತ್ರಿಯ ವಾಸನೆ. ತಂಗಿಗೆ ಎಟುಕುವ ಬ್ಲಾಗಿನ ಪ್ರತಿಯಲ್ಲಿ ಹಳೇ ಬೀಗದ ವಾಸನೆ. ಮೂರನೆಯದರಲ್ಲಿ ಒದ್ದೆ ಬಾಚಣಿಗೆಯ ವಾಸನೆ. ಇದನ್ನು ಕಚೇರಿಯಲ್ಲಿ ಮುದ್ರಿಸಿಕೊಂಡು, ಯಾವಾಗಲೂ ಮಾಡುವಂತೆ ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ಕೆಂಪು ಪೆನ್ನಿನಲ್ಲಿ ತಿದ್ದಿದಳು. ಯಾರೂ ಕಾಣದ ಈ ಪ್ರತಿ ಬರಿಯ ಹೋಲಿಕೆಗೆ. ಪರೀಕ್ಷೆ ಎಂದ ಮೇಲೆ ಪಕ್ಕದಲ್ಲಿ ಒಂದು ಶುದ್ಧ ನೀರಿನ ಶೀಷೆ ಇರಬೇಕಲ್ಲ.

ಆಮೇಲೆ ಕಿವಿ ನೆಟ್ಟಗೆ ಮಾಡಿಕೊಂಡು ಕಾದಳು. ಊಟಕ್ಕೆ ಕೂತಾಗ ಗಂಡನಿಂದ ಛತ್ರಿಯ ಮಾತು ಬರುತ್ತದೋ ಎಂದು ಮಳೆಯ ಪ್ರಸ್ತಾಪ ತೆಗೆದಳು. ಅವನು ಬಟ್ಟೆ ಒಳಗೆ ತಂದಿಟ್ಟ. ತಂಗಿಯ ಎದುರು ಬೀಗ ಕಳೆದಿದೆ ಎಂದಳು. "ಹೊಸದು ತಗೋ," ಎಂದಳು ತಂಗಿ.

ಸೋಮವಾರ ಹದಿನೇಳರಂದು ಗಾಜು ತೊಳೆಯುವ ಅಮ್ಮ ಒಂದು ಶೀಷೆ ಎತ್ತಿ ಮೂಸಿ ಮುಖ ಕಿವುಚಿದರು. "ಥೂ, ಒದ್ದೆ ಬಾಚಣಿಗೆ."

ಅದು ಮೂರನೇ ಪ್ರತಿಯ ಮಾತು. ಶುದ್ಧ ನೀರಿನ ಶೀಷೆಯೇ ಬಣ್ಣ ತಿರುಗಿತ್ತು.

"ಅಮ್ಮಾ, ಆ ಮಾತು ಎಲ್ಲಿಂದ ಬಂತು? ಸುಳ್ಳು ಹೇಳ್ಬೇಡಿ."

"ಅಯ್ಯೋ, ಕಳ್ಳಿ ಥರ ಕೇಳ್ತೀಯಲ್ಲ ನನ್ನ!" ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನಾಲ್ಕು ಮಡಿಕೆಯ ಹಾಳೆ ತೆಗೆದು ಮೇಜಿನ ಮೇಲೆ ಬಡಿದರು. ಒಂದು ಕಡೆ, ಅವತ್ತು ತೊಳೆದ ಶೀಷೆಗಳಿಗೆ ಎಳೆದ ಗೀಟುಗಳು. ಮೂಗಕ್ಕ ಹಾಳೆ ತಿರುಗಿಸಿದಳು. ಅವಳದೇ ಬರಹ, ಅವಳದೇ ಕೆಂಪು ಗೀಚು.

"ಇದು ನಿಮ್ಗೆ ಹೇಗೆ ಸಿಕ್ತು?"

"ಅಲ್ಲೇ, ಪ್ರಿಂಟರ್ ಪಕ್ಕದ ಡಬ್ಬೀಲಿ. ಎಲ್ಲಾರೂ ಅಲ್ಲಿಂದ್ಲೇ ತಗೊಳ್ಳೋದು."

ಡಬ್ಬಿಯ ಮೇಲೆ ಒಂದು ಚೀಟಿ ಇತ್ತು: 'ಒಂದು ಮಗ್ಗುಲು ಖಾಲಿ ಇರುವ ಹಾಳೆ. ಎಸೆಯಬೇಡಿ.' ಐದು ವರ್ಷದ ಹಿಂದೆ ಅದನ್ನು ಬರೆದು ಅಂಟಿಸಿದವಳು ಅವಳೇ. ತಿದ್ದಿದ್ದನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಹಾಳೆಯ ಬರೆದ ಮಗ್ಗುಲು ಅವಳ ಪಾಲಿಗೆ ಮುಗಿದಂತೆ; ಖಾಲಿ ಮಗ್ಗುಲು ಮೇಲೆ ಮಾಡಿ ಕೈ ತಾನಾಗಿ ಡಬ್ಬಿಗೆ ಹಾಕುತ್ತಿತ್ತು. ನಾಲ್ಕು ತಿಂಗಳಿನಿಂದ ಇಡೀ ಪ್ರಯೋಗಾಲಯ ಅವಳ ಬರಹದ ಬೆನ್ನ ಮೇಲೆ ಕೂಡಿ ಕಳೆದು ಮಾಡುತ್ತಿತ್ತು.

ಸದ್ದು ಕೇಳಿ ಬ್ಯೂರೆಟ್ ಬಂದ. ಅವನ ಕೈಯಲ್ಲಿ ಕ್ಲಿಪ್ ಹಾಕಿದ ಒಂದು ಕಟ್ಟು. ಹಾಳೆಗಳನ್ನು ಆಯ್ದು, ಜೋಡಿಸಿ ಇಟ್ಟಿದ್ದ.

"ಸಿಕ್ಕಿಬಿದ್ರಲ್ಲ ಮೂಗಕ್ಕ. ನಿಮ್ಮನ್ನೇ ಕೇಳ್ಬೇಕು ಅಂತಿದ್ವಿ. ಯಾರು ಇವ್ರು?"

"ಯಾರು ಅಂದ್ರೆ?"

"ಬರ್ದೋರು. ಕೆಂಪಕ್ಷರ ನಿಮ್ದು ಅಂತ ಮೊದಲನೇ ದಿನಾನೇ ಗೊತ್ತಾಯ್ತು. ನೀವು ಯಾರದ್ದೋ ತಿದ್ದಿ ಕೊಡ್ತಿದೀರಿ. ಗುಟ್ಟಿನ ಕೆಲಸ ಇರ್ಬೇಕು ಅಂತ ಬಾಯಿ ಬಿಡ್ಲಿಲ್ಲ."

"ಅದಕ್ಕೇ ಅವತ್ತು ನಕ್ಕಿದ್ದು," ಎಂದರು ಅಮ್ಮ. "ಇವ್ನು ಬಾಯ್ತಪ್ಪಿ ಅಂದುಬಿಟ್ಟ ಅಂತ."

ಬ್ಯೂರೆಟ್ ಹಾಳೆ ತಿರುವಿದ. "ಒಂದು ಮಾತು ಹೇಳ್ಲಾ, ಬೇಜಾರು ಮಾಡ್ಕೋಬೇಡಿ. ತಿದ್ದೋದು ನಿಮಗೆ ಬರಲ್ಲ. ಇಲ್ಲಿ ನೋಡಿ, 'ನೀರು ಪೈಪನ್ನು ನೆನಪಿಟ್ಟುಕೊಳ್ಳುತ್ತದೆ' ಅಂತ ಎಷ್ಟು ಚೆನ್ನಾಗಿ ಬರ್ದಿದಾರೆ. ನೀವು ಹೋಗಿ 'ಬಹುಶಃ' ಸೇರಿಸಿದೀರಿ. ಇಲ್ಲೂ ಬಹುಶಃ. ಇಲ್ಲಿ 'ಎನ್ನಬಹುದೇನೋ'. ನಾವು ಕೆಂಪು ಬಿಟ್ಟು ಓದ್ತೀವಿ."

"ಪಾಪ, ಬರ್ದೋರಿಗೆ ಎಷ್ಟು ಸಂಕಟ ಆಗಿರ್ಬೇಕು," ಎಂದರು ಅಮ್ಮ.

ಮೂಗಕ್ಕ ಕುರ್ಚಿಯಲ್ಲಿ ಕೂತಳು. ಮೆಚ್ಚುಗೆಗೆ ಅವಳು ಹೆದರುತ್ತಿದ್ದದ್ದು ಅದರಲ್ಲಿ ಮುಲಾಜು ಬೆರೆತಿರುತ್ತದೆಂದು. ಇವರಿಗೆ ಶೀಷೆಯ ಮೇಲೆ ಯಾರ ಹೆಸರೂ ಕಂಡಿರಲಿಲ್ಲ. ಇಂಥ ಫಲಿತಾಂಶವನ್ನು ಬೇರೆ ಯಾರಾದರೂ ತಂದಿದ್ದರೆ ಅವಳು ಎರಡನೇ ಮಾತಿಲ್ಲದೆ ಸಹಿ ಹಾಕುತ್ತಿದ್ದಳು.

"ನಾನೇ ಬರ್ದಿದ್ದು," ಅಂದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಸುಮ್ನಿರಿ ಮೂಗಕ್ಕ," ಎಂದ ಬ್ಯೂರೆಟ್. "ನೀವು ಹೌದು, ಅಲ್ಲ ಬಿಟ್ಟು ಮೂರನೇ ಮಾತಾಡಿದ್ದನ್ನ ನಾನು ಕೇಳಿಲ್ಲ."

"ನಿಜ ಕಣೋ."

"ಹಾಗಾದ್ರೆ ಸ್ಲೇಟಿನದರ ಎರಡನೇ ಪುಟ ಹೇಳಿ. ಅದೊಂದು ನಮ್ಗೆ ಸಿಕ್ಕೇ ಇಲ್ಲ."

ಅದರ ಬೆನ್ನ ಮೇಲೆ ಅವಳೇ ಕ್ಲೋರಿನ್ ಲೆಕ್ಕ ಹಾಕಿ ಹರಿದಿದ್ದಳು. ಇಬ್ಬರೂ ಕೈ ಕಟ್ಟಿ ನಿಂತಿದ್ದರು. ಕಣ್ಣಲ್ಲಿ ಅಪ್ಪಟ ಅನುಮಾನ. ಇಷ್ಟು ದಿನ ತನ್ನ ಮೇಲೆ ತನಗಿದ್ದ ಅನುಮಾನವೇ ಎರಡು ಜೊತೆ ಕಾಲ ಮೇಲೆ ಎದುರು ಬಂದು ನಿಂತಾಗ ಅವಳಿಗೆ ಸಿಟ್ಟು ಬಂತು. ಬಾಯಲ್ಲಿ ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಬ್ಲಾಗ್ ತೆರೆದಳು. ಸ್ಲೇಟಿನ ಬರಹದಿಂದ ಒಂಬತ್ತು 'ಬಹುಶಃ'ಗಳನ್ನು ಒಂದೊಂದಾಗಿ ತೆಗೆದಳು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು, ಗುಂಡಿ ಒತ್ತಿದಳು. ಮಧ್ಯಾಹ್ನ ಒಂದೂ ಹತ್ತು.

"ಓದ್ಕೊಳ್ಳಿ," ಅಂದಳು.

ಬ್ಯೂರೆಟ್ ಬಗ್ಗಿ ಓದಿದ. ಅಮ್ಮ ಅವನ ತೋಳಿನ ಸಂದಿಯಿಂದ ಓದಿದರು. ಮುಗಿದ ಮೇಲೆ ಅವನು ಅವಳ ಕಡೆ ತಿರುಗಿ, ಕಟ್ಟಿನ ಮೊದಲ ಹಾಳೆಯನ್ನು ಮುಂದಕ್ಕೆ ನೂಕಿ ಪೆನ್ನು ಕೊಟ್ಟ. "ಇದಕ್ಕೊಂದು ಸಹಿ ಹಾಕಿ. ಕೆಂಪು ಬೇಡ."

ಮರುದಿನ ಮಧ್ಯಾಹ್ನ ಒಂದೂ ಹತ್ತಕ್ಕೆ ಅವಳು ಅಂಕಿಅಂಶದ ಪುಟ ತೆರೆದಳು. ಮೂವತ್ತೊಂದು ಜನ ಬಂದಿದ್ದರು. ಅದನ್ನು ಅವಳು ನಂಬಲಿಲ್ಲ. ತಂಗಿ ಗೆಳತಿಯರಿಗೆಲ್ಲ ಗಂಟುಬಿದ್ದು ಒತ್ತಿಸಿರುತ್ತಾಳೆ, ತೆರೆದವರೆಲ್ಲ ಓದಿದವರಲ್ಲ. ಬೇಡಿ ಪಡೆಯಲಾಗದ ಅಂಕಿ ಬೇಕಿತ್ತು. ಬರಹವನ್ನು ಗಡಿಯಾರ ಇಟ್ಟುಕೊಂಡು ತಾನೇ ಒಮ್ಮೆ ಕೊನೆವರೆಗೆ ಓದಿದಳು: ಮೂರು ನಿಮಿಷ ನಲವತ್ತು ಸೆಕೆಂಡು. ಆಮೇಲೆ ಅಂಕಿಅಂಶದ ಪುಟವನ್ನು ಕೆಳಗೆ ಸರಿಸಿ ನೋಡಿದಳು.

ಓದುಗರೊಬ್ಬರು ಪುಟದಲ್ಲಿ ಸರಾಸರಿ ನಿಂತ ಹೊತ್ತು: ಮೂರು ನಿಮಿಷ ಐವತ್ತೆರಡು ಸೆಕೆಂಡು.