ಕಂಬದ ಕಲೆ

"ನಿಲ್ಸೋ! ಗುದ್ದಲಿ ಹಾಕ್ಬೇಡ!"

ಅಪ್ಪನ ಸಮಾಧಿಗೆಂದು ತೋಡುತ್ತಿದ್ದ ಗುಂಡಿ ಸೊಂಟದಾಳಕ್ಕೆ ಬಂದಿತ್ತು. ಮಗನ ಕೈ ಹಿಡಿದ ಚಿಕ್ಕಪ್ಪ ಬಗ್ಗಿ ಮಣ್ಣು ಸರಿಸಿದ. ಹಳದಿ ಮರಳಿನ ನಡುವೆ ತಟ್ಟೆಯಗಲದ ಕಪ್ಪು ಕಲೆ. ಅಣ್ಣನ ಜೊತೆ ನಲವತ್ತು ವರ್ಷ ಉತ್ಖನನದಲ್ಲಿ ಅಗೆದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ದ್ವೀಪಕ್ಕೆ ಮೊಟ್ಟಮೊದಲು ದೋಣಿಯಲ್ಲಿ ಬಂದಿಳಿದವರು ನೆಟ್ಟ ಮನೆಗಂಬ. ಮರ ಕೊಳೆತು ಗುರುತಷ್ಟೇ ಉಳಿದಿತ್ತು.

"ಉತ್ಖನನದ ಮೇಡಂಗೆ ಹೇಳ್ಬೇಕು ಕಣೋ. ಹೇಳಿದ್ರೆ ಇವತ್ತೇ ಕೆಲ್ಸ ಬಂದ್. ಅಳೆದು, ಬರೆದು, ಮಣ್ಣು ಸೋಸೋಕೆ ತಿಂಗಳಾಗುತ್ತೆ."

"ಅಪ್ಪ ತಿಂಗಳು ಕಾಯ್ತಾನಾ?"

ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಅಮ್ಮನ ಸಮಾಧಿ. ಅವಳ ಪಕ್ಕ ಮಲಗಿಸಿ ಎಂದಿದ್ದ ಅಪ್ಪ. ಮಕ್ಕಳ ಹತ್ತಿರ ಜನ್ಮದಲ್ಲಿ ಬೇಡಿದ್ದು ಅದೊಂದೇ.

ಅಕ್ಕ ಓಡಿ ಬಂದಳು. "ಉತ್ಖನನದ ಮೇಡಂ ದೋಣಿ ಇಳಿದ್ರಂತೆ. ಇಲ್ಲಿಗೇ ಬರ್ತಿದ್ದಾರೆ!"

*

ಹತ್ತು ವರ್ಷದ ಹಿಂದೆ ಮನೆಗೆ ಪಾಯ ತೋಡುವಾಗ ನಾಲ್ಕು ಮಡಕೆ ಚೂರು ಸಿಕ್ಕಿದ್ದವು. ಅಪ್ಪನಿಗೆ ಊರಲ್ಲಿ ಜರಡಿಯಣ್ಣ ಅಂತಲೇ ಹೆಸರು. ಟೀಯನ್ನೂ ಎರಡು ಸಲ ಸೋಸಿ ಕುಡೀತಾನೆ ಎಂದು ನಗುತ್ತಿದ್ದರು. ಅವನೇ ಓಡಿಹೋಗಿ ಆಫೀಸಿಗೆ ಹೇಳಿ ಬಂದ.

"ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲ, ಪುಣ್ಯಾತ್ಮ!" ಅಮ್ಮ ಹಣೆ ಚಚ್ಚಿಕೊಂಡಳು.

"ನಂಗೆ ಗೊತ್ತಾಯ್ತಲ್ಲೇ."

ಜಾಗಕ್ಕೆ ಬೇಲಿ ಬಿತ್ತು. ಅಮ್ಮ ಬಾಡಿಗೆ ಕೋಣೆಯಲ್ಲೇ ಕಣ್ಣು ಮುಚ್ಚಿದಳು.

*

ಮಗ ಗುದ್ದಲಿ ಎತ್ತಿದ.

"ಬೇಡ ಕಣೋ. ನಿಮ್ಮಪ್ಪ ಇದ್ದಿದ್ರೆ ಕಪಾಳಕ್ಕೆ ಬಾರಿಸ್ತಿದ್ದ."

"ಎದ್ದು ಬಂದು ಬಾರಿಸ್ಲಿ! ಯಾವ ಕಾಲದಲ್ಲೋ ಸತ್ತವ್ರಿಗೆ ನಮ್ಮ ಮನೇನೇ ಬಿಟ್ಕೊಟ್ಟ. ಇವತ್ತು ಅವ್ರು ಆರಡಿ ಬಿಟ್ಕೊಡ್ಲಿ."

ಮೊದಲ ಏಟಿಗೇ ಕಲೆ ಒಡೆಯಿತು. ಚಿಕ್ಕಪ್ಪ ಮುಖ ತಿರುಗಿಸಿಕೊಂಡ. ಕಪ್ಪು ಮಣ್ಣು, ಇದ್ದಿಲ ಚೂರು ಎಲ್ಲ ಮೇಲಿನ ಗುಡ್ಡೆ ಸೇರಿತು. ಮಗ ಇನ್ನಷ್ಟು ಆಳಕ್ಕೆ ಅಗೆದ, ಗುಡ್ಡೆಯ ಮೇಲೆ ಹಳದಿ ಮರಳು ಎರಚಿದ. ಹತ್ತಿ ಬರುವಷ್ಟರಲ್ಲಿ ಮೇಡಂ ಎದುರಿಗೇ ನಿಂತಿದ್ದರು.

"ನಂಗೆ ಮಣ್ಣು ನೋಡೋದು ಕಲಿಸಿದ್ದೇ ನಿಮ್ಮಪ್ಪ," ಅಂದರು. ಅತ್ತು ಕಣ್ಣು ಊದಿತ್ತು.

ದೇಹ ಇಳಿಸಿದರು. ಒಬ್ಬೊಬ್ಬರೇ ಗುಡ್ಡೆಯಿಂದ ಹಿಡಿ ಮಣ್ಣು ತೆಗೆದು ಹಾಕಿ, ಕೈ ಝಾಡಿಸಿಕೊಂಡು ಸರಿದರು. ಮೇಡಂ ಬೆರಳು ಗುಡ್ಡೆಯ ಒಳಕ್ಕೇ ಹೋಯಿತು. ಅಂಗೈ ನೋಡಿಕೊಂಡರು. ಹೆಬ್ಬೆರಳಿಂದ ಉಜ್ಜಿದರು. ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಓದಿದರು. ಆಮೇಲೆ ಮಗನ ಮುಖ.

"ಹಾಕಿ ಮೇಡಂ," ಹಿಂದಿನಿಂದ ಯಾರೋ ಅಂದರು, "ಜನ ಕಾಯ್ತಿದ್ದಾರೆ."

ಗುಂಡಿಯ ಮೇಲೆ ಚಾಚಿದ ಮುಷ್ಟಿಯ ಸಂದಿನಿಂದ ಕಪ್ಪು ಪುಡಿ ಸಣ್ಣಗೆ ಉದುರುತ್ತಿತ್ತು. ಮುಷ್ಟಿ ಮಾತ್ರ ಬಿಚ್ಚಿರಲಿಲ್ಲ.